ಪ್ರಿಂಟರಿಗೆ ಮೊದಲು ಒಂದು ಖಾಯಂ ವಿಳಾಸ ಕೊಡಿ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಈಗ ಪ್ರಿಂಟರ್ ಒಂದು, ಪ್ರಿಂಟ್ ಕೊಡುವವರು ನಾಲ್ಕೈದು ಮಂದಿ. ಚಾವಡಿಯಲ್ಲಿ ಹಳೆಯ ಡೆಸ್ಕ್‌ಟಾಪ್, ಉಪ್ಪರಿಗೆಯಲ್ಲಿ ಮನೆಯಿಂದಲೇ ಕೆಲಸ ಮಾಡುವವರ ಲ್ಯಾಪ್‌ಟಾಪ್, ಮಕ್ಕಳ ಪ್ರಾಜೆಕ್ಟ್ ಕೆಲಸಕ್ಕೆ ಇನ್ನೊಂದು, ಪಹಣಿಯನ್ನೋ ರೈಲು ಟಿಕೆಟನ್ನೋ ಮೊಬೈಲಿನಿಂದಲೇ ತೆಗೆಯಬೇಕೆನ್ನುವ ಹಿರಿಯರು. ಜೋಡಿಸಿದ ದಿನ ಎಲ್ಲ ಸರಿ ಇರುತ್ತದೆ. ವಾರ ಕಳೆಯುವುದರೊಳಗೆ ಯಾವುದೋ ಒಂದು ಕಂಪ್ಯೂಟರಿನಲ್ಲಿ 'ಆಫ್‌ಲೈನ್' ಎಂದು ಬರುತ್ತದೆ, ಉಪ್ಪರಿಗೆಯಿಂದ "ಪ್ರಿಂಟರ್ ಆನ್ ಉಂಟಾ?" ಎಂದು ಕೂಗುವುದು ಸುರುವಾಗುತ್ತದೆ. ಪ್ರಿಂಟರ್ ಆನ್ ಇರುತ್ತದೆ. ಅದರ ವಿಳಾಸ ಬದಲಾಗಿರುತ್ತದೆ, ಇಲ್ಲವೇ ಅದನ್ನು ಕಟ್ಟಿಹಾಕಿದ ಕಂಪ್ಯೂಟರ್ ನಿದ್ದೆಗೆ ಹೋಗಿರುತ್ತದೆ. ಈ ಎರಡನ್ನು ಮೊದಲೇ ಸರಿಮಾಡಿಕೊಂಡರೆ ಮುಂದಿನ ಮುಕ್ಕಾಲು ಪಾಲು ತಲೆನೋವು ಇಲ್ಲ.

ಮೊದಲು ಪ್ರಿಂಟರಿನ ಬೆನ್ನು ನೋಡಿ. ಚೌಕಾಕಾರದ ಯುಎಸ್‌ಬಿ ತೂತು ಹೆಚ್ಚಿನವುಗಳಲ್ಲಿ ಇರುತ್ತದೆ. ಅದರ ಪಕ್ಕದಲ್ಲಿ ಲ್ಯಾನ್ ಸಾಕೆಟ್ (ನೆಟ್‌ವರ್ಕ್ ಕೇಬಲ್ ಚುಚ್ಚುವ ತೂತು) ಇದ್ದರೆ ನಿಮ್ಮ ಅದೃಷ್ಟ. ರೂಟರಿನಿಂದ ಒಂದು ಕೇಬಲ್ ಎಳೆದುಬಿಡಿ, ವೈಫೈಯ ಗೋಜೇ ಬೇಡ. ಲ್ಯಾನ್ ಇಲ್ಲದೆ ವೈಫೈ ಇದ್ದರೆ ಅದು ಎರಡನೆಯ ಆಯ್ಕೆ. ಎರಡೂ ಇಲ್ಲದ ಪ್ರಿಂಟರುಗಳು ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ: ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900, ಎಪ್ಸನ್ ಎಲ್ 3110. ಇವಕ್ಕೆ ಯುಎಸ್‌ಬಿ ಮಾತ್ರ. ಇಂಥವನ್ನು ಸದಾ ಎಚ್ಚರವಿರುವ ಒಂದು ಸಣ್ಣ ಲಿನಕ್ಸ್ ಯಂತ್ರಕ್ಕೆ (ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಓಡುವ ಕಂಪ್ಯೂಟರಿಗೆ) ಜೋಡಿಸುವುದು ನನ್ನ ಮೂರನೆಯ ಆಯ್ಕೆ, ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿ ಶೇರ್ ಮಾಡುವುದು ಕೊನೆಯದ್ದು. ಹೆಚ್ಚಿನವರು ಮಾಡುವುದು ಈ ಕೊನೆಯದ್ದನ್ನೇ, ಹಾಗಾಗಿ ಅದನ್ನೂ ಪೂರ್ತಿ ಬರೆಯುತ್ತೇನೆ.

ವಿಳಾಸದ ವಿಷಯ

ರೂಟರ್ ಮನೆಯ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ, ಆದರೆ ಬಾಡಿಗೆಗೆ. ಅವಧಿ ಮುಗಿದ ಮೇಲೆ ಅದೇ ವಿಳಾಸ ಸಿಗಬೇಕೆಂದೇನೂ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ರೂಟರ್, ಟಿವಿ, ಮೊಬೈಲು, ಪ್ರಿಂಟರ್ ಎಲ್ಲ ಒಟ್ಟಿಗೆ ಎದ್ದು ವಿಳಾಸ ಕೇಳುತ್ತವೆ. ನಿನ್ನೆ 192.168.1.5 ಆಗಿದ್ದ ಪ್ರಿಂಟರ್ ಇವತ್ತು 192.168.1.8 ಆದೀತು. ಕಂಪ್ಯೂಟರ್ ಮಾತ್ರ ಇನ್ನೂ 5ನೇ ನಂಬ್ರದ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಪ್ರಿಂಟರಿನಿಂದ ನೆಟ್‌ವರ್ಕ್ ಸ್ಟೇಟಸ್ ಹಾಳೆಯನ್ನು ಪ್ರಿಂಟ್ ತೆಗೆಯಿರಿ. ಅದಕ್ಕೆ ಒಂದು ಬಟನ್ ಅಥವಾ ಮೆನು ಇರುತ್ತದೆ, ಯಾವುದೆಂದು ಪ್ರಿಂಟರಿನ ಕೈಪಿಡಿಯಲ್ಲಿ ಹೇಳಿರುತ್ತಾರೆ. ಆ ಹಾಳೆಯಲ್ಲಿ ಇಪ್ಪತ್ತು ಮೂವತ್ತು ಸಾಲು ಇದ್ದರೂ ನಮಗೆ ಬೇಕಾದದ್ದು ಮೂರು. ಒಂದು, ವೈಫೈ ಹೆಸರು: ಅದು ನಿಮ್ಮ ಮನೆಯದ್ದೇ ಹೌದೋ ನೋಡಿ. ಎರಡು, ಐಪಿ ವಿಳಾಸ. ಅದು 169.254 ಎಂದು ಸುರುವಾಗಿದ್ದರೆ ರೂಟರಿನಿಂದ ವಿಳಾಸ ಸಿಕ್ಕಿಲ್ಲ, ಪ್ರಿಂಟರ್ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ, 0.0.0.0 ಇದ್ದರೆ ಜೋಡಣೆಯೇ ಆಗಿಲ್ಲ. ಮೂರು, ಮ್ಯಾಕ್ ವಿಳಾಸ: ಎರಡೆರಡು ಅಕ್ಷರಗಳ ಆರು ಜೋಡಿ. ಇದು ಆ ಪ್ರಿಂಟರಿನ ಹುಟ್ಟುಗುರುತು, ಬದಲಾಗುವುದಿಲ್ಲ. ಒಂದೇ ಪ್ರಿಂಟರಿನಲ್ಲಿ ಲ್ಯಾನ್ ಮತ್ತು ವೈಫೈ ಎರಡೂ ಇದ್ದರೆ ಎರಡಕ್ಕೂ ಬೇರೆ ಬೇರೆ ಮ್ಯಾಕ್ ವಿಳಾಸ ಇರುತ್ತದೆ. ವೈಫೈಯಲ್ಲಿ ಓಡಿಸುವ ಪ್ರಿಂಟರಿಗೆ ಲ್ಯಾನಿನ ಮ್ಯಾಕ್ ಬರೆದುಕೊಂಡು, ವಿಳಾಸ ಯಾಕೆ ನಿಲ್ಲುತ್ತಿಲ್ಲ ಎಂದು ಹುಡುಕುವುದು ಸಾಮಾನ್ಯ ತಪ್ಪು.

ಇನ್ನು ಬ್ರೌಸರಿನಲ್ಲಿ ರೂಟರಿನ ಪುಟ ತೆರೆಯಿರಿ. ವಿಳಾಸ ಹೆಚ್ಚಾಗಿ 192.168.1.1 ಅಥವಾ 192.168.0.1, ಪಾಸ್‌ವರ್ಡ್ ರೂಟರಿನ ಅಡಿಯ ಸ್ಟಿಕ್ಕರಿನಲ್ಲಿರುತ್ತದೆ. ಲ್ಯಾನ್ ಅಥವಾ ಡಿಎಚ್‌ಸಿಪಿ (ರೂಟರ್ ವಿಳಾಸ ಹಂಚುವ ವ್ಯವಸ್ಥೆ) ಎಂಬಲ್ಲಿ 'ಅಡ್ರೆಸ್ ರಿಸರ್ವೇಶನ್' ಅಥವಾ 'ಐಪಿ ಮ್ಯಾಕ್ ಬೈಂಡಿಂಗ್' ಎಂಬಂಥ ಹೆಸರಿನ ಜಾಗ ಉಂಟು. ಅಲ್ಲಿ ಪ್ರಿಂಟರಿನ ಮ್ಯಾಕ್ ಹಾಕಿ, ನೆನಪಿಡಲು ಸುಲಭವಾದ ಒಂದು ವಿಳಾಸ ಕೊಡಿ, ಉದಾಹರಣೆಗೆ 192.168.1.50. ಸೇವ್ ಮಾಡಿ, ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಸ್ಟೇಟಸ್ ಹಾಳೆಯನ್ನು ಇನ್ನೊಮ್ಮೆ ತೆಗೆದು 50 ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕಂಪ್ಯೂಟರಿನ ಹತ್ತಿರ ಹೋಗಿ.

ಕೆಲವು ಅಗ್ಗದ ರೂಟರುಗಳಲ್ಲಿ ಈ ಸೌಲಭ್ಯ ಇಲ್ಲ. ಆಗ ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯನ್ನು 192.168.1.100ರಿಂದ 199ಕ್ಕೆ ಇಳಿಸಿ, ಪ್ರಿಂಟರಿನ ಸೆಟ್ಟಿಂಗಿನಲ್ಲೇ 192.168.1.50 ಎಂದು ಕೈಯಾರೆ ಹಾಕಿ. ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ ಎಂದರೆ ರೂಟರಿನ ವಿಳಾಸ. ಕೈಯಾರೆ ಹಾಕುವ ವಿಳಾಸ ಆ ವ್ಯಾಪ್ತಿಯ ಹೊರಗೇ ಇರಬೇಕು. ಒಳಗೆ ಇದ್ದರೆ ರೂಟರ್ ಯಾವತ್ತಾದರೂ ಅದೇ ವಿಳಾಸವನ್ನು ನೆಂಟರ ಮೊಬೈಲಿಗೆ ಕೊಟ್ಟುಬಿಡುತ್ತದೆ, ಆಮೇಲೆ ಇಬ್ಬರಿಗೂ ಸರಿ ನಡೆಯುವುದಿಲ್ಲ.

ವಿಂಡೋಸಿನಲ್ಲಿ ಇನ್ನೊಂದು ಕಡೆ ಎಡವುತ್ತದೆ. ಪ್ರಿಂಟರನ್ನು ತಾನೇ ಹುಡುಕಿ ಸೇರಿಸಿಕೊಂಡಾಗ ವಿಂಡೋಸ್ ಹೆಚ್ಚಾಗಿ ಡಬ್ಲ್ಯೂಎಸ್‌ಡಿ ಎಂಬ ಪೋರ್ಟ್ (ಪ್ರಿಂಟರಿಗೆ ಹೋಗುವ ದಾರಿ) ಬಳಸುತ್ತದೆ. ಅದು ನೆಟ್‌ವರ್ಕಿನಲ್ಲಿ ಕೂಗಿ ಕರೆದು ಉತ್ತರ ಬಂದರೆ ಕೆಲಸ ಮಾಡುವ ಕ್ರಮ. ಪ್ರಿಂಟರ್ ನಿದ್ದೆಯಲ್ಲಿದ್ದು ಉತ್ತರ ತಡವಾದರೆ ಆಫ್‌ಲೈನ್ ಎಂದು ಬರೆದುಬಿಡುತ್ತದೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್, ಅದರಲ್ಲಿ ನಿಮ್ಮ ಪ್ರಿಂಟರ್, ಅದರ 'ಪ್ರಿಂಟರ್ ಪ್ರಾಪರ್ಟೀಸ್', ಅಲ್ಲಿ 'ಪೋರ್ಟ್ಸ್' ಎಂಬ ಟ್ಯಾಬ್ ತೆರೆಯಿರಿ. ಟಿಕ್ ಇರುವ ಸಾಲು ಡಬ್ಲ್ಯೂಎಸ್‌ಡಿ ಎಂದಿದ್ದರೆ 'ಆಡ್ ಪೋರ್ಟ್' ಒತ್ತಿ, 'ಸ್ಟಾಂಡರ್ಡ್ ಟಿಸಿಪಿ ಐಪಿ ಪೋರ್ಟ್' ಆರಿಸಿ, 192.168.1.50 ಹಾಕಿ. ಹೆಚ್ಚಿನ ಪ್ರಿಂಟರುಗಳು 9100ನೇ ಪೋರ್ಟಿನಲ್ಲಿ 'ರಾ' ಕ್ರಮದಲ್ಲಿ ಕೆಲಸ ಮಾಡುತ್ತವೆ. ಇಷ್ಟಾದ ಮೇಲೂ ಆಫ್‌ಲೈನ್ ಎಂದೇ ತೋರಿಸಿದರೆ, ಅದೇ ಟ್ಯಾಬಿನ 'ಕಾನ್ಫಿಗರ್ ಪೋರ್ಟ್' ಒಳಗೆ 'ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್' ಎಂಬುದರ ಟಿಕ್ ತೆಗೆಯಿರಿ. ವಿಂಡೋಸ್ ಪ್ರಿಂಟರಿನ ಕ್ಷೇಮಸಮಾಚಾರ ಕೇಳುವುದು ಆ ದಾರಿಯಿಂದ. ಮನೆಯ ಪ್ರಿಂಟರ್ ಕೆಲವು ಅದಕ್ಕೆ ಉತ್ತರ ಕೊಡುವುದಿಲ್ಲ, ಉತ್ತರ ಬಾರದ್ದನ್ನು ವಿಂಡೋಸ್ ಆಫ್‌ಲೈನ್ ಎಂದು ಓದುತ್ತದೆ.

ವೈಫೈ ಹಿಡಿಯದಿದ್ದರೆ

ಮನೆಬಳಕೆಯ ಪ್ರಿಂಟರುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ರೂಟರಿನಲ್ಲಿ 5 ಗಿಗಾಹರ್ಟ್ಸ್ ಒಂದನ್ನೇ ಆನ್ ಇಟ್ಟಿದ್ದರೆ ಪ್ರಿಂಟರಿಗೆ ನಿಮ್ಮ ವೈಫೈ ಕಾಣುವುದೇ ಇಲ್ಲ. ಕಂಪ್ಯೂಟರ್ 5ರಲ್ಲಿ, ಪ್ರಿಂಟರ್ 2.4ರಲ್ಲಿ ಇದ್ದರೆ ತೊಂದರೆ ಇಲ್ಲ, ಒಂದೇ ರೂಟರಾದರೆ ಎರಡೂ ಮಾತಾಡಿಕೊಳ್ಳುತ್ತವೆ. ಭದ್ರತೆಯನ್ನು ಡಬ್ಲ್ಯೂಪಿಎ 3 ಮಾತ್ರ ಎಂದು ಇಟ್ಟರೆ ಹಳೆಯ ಪ್ರಿಂಟರ್ ಸೇರಲಾರದು. ಡಬ್ಲ್ಯೂಪಿಎ 2 ಅಥವಾ ಎರಡೂ ಸೇರಿದ ಆಯ್ಕೆ ಇಡಿ. 'ಎಪಿ ಐಸೊಲೇಶನ್' ಆಫ್ ಇರಲಿ, ಪ್ರಿಂಟರನ್ನು ಗೆಸ್ಟ್ ನೆಟ್‌ವರ್ಕಿಗೆ ಸೇರಿಸಬೇಡಿ. ಆ ಎರಡೂ ವ್ಯವಸ್ಥೆ ಇರುವುದೇ ಸಾಧನಗಳು ಪರಸ್ಪರ ಕಾಣದಂತೆ ಮಾಡಲು.

ಕೆಂಪು ಕಲ್ಲಿನ ಗೋಡೆಯ ಬಗ್ಗೆ ಬೇರೆಯಾಗಿ ಹೇಳಬೇಕು. ಹಳೆಯ ಮನೆಗಳ ಮುರಕಲ್ಲಿನ ಗೋಡೆ ದಪ್ಪ, ಮಳೆಗಾಲದಲ್ಲಿ ತೇವ ಕುಡಿದು ನಿಂತಿರುತ್ತದೆ. ಅಂಥ ಎರಡು ಗೋಡೆ ದಾಟುವಾಗ ವೈಫೈ ಸೊರಗುತ್ತದೆ. ಪ್ರಿಂಟರ್ ಸಿಗ್ನಲನ್ನು ಲ್ಯಾಪ್‌ಟಾಪಿನಷ್ಟು ಚೆನ್ನಾಗಿ ಹಿಡಿಯದಿರಬಹುದು, ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ಚೆನ್ನಾಗಿದೆ ಎಂಬುದನ್ನು ನಂಬಿ ಪ್ರಿಂಟರಿಗೆ ಜಾಗ ನಿಶ್ಚಯಿಸಬೇಡಿ. ಕಮಾಂಡ್ ಪ್ರಾಂಪ್ಟಿನಿಂದ 192.168.1.50ಕ್ಕೆ ಎರಡು ನಿಮಿಷ ಪಿಂಗ್ ಮಾಡಿ, ಅಂದರೆ ಆ ವಿಳಾಸವನ್ನು ಕರೆದು ಉತ್ತರ ಬರುತ್ತದೋ ನೋಡಿ. ನಡುನಡುವೆ 'ರಿಕ್ವೆಸ್ಟ್ ಟೈಮ್ಡ್ ಔಟ್' ಬಂದರೆ ಪ್ರಿಂಟರನ್ನೇ ರೂಟರ್ ಇರುವ ಕೋಣೆಗೆ ತನ್ನಿ. ಕಾಗದ ತರಲು ನಾಲ್ಕು ಹೆಜ್ಜೆ ಹೆಚ್ಚು ನಡೆದರಾಯಿತು.

ಎರಡು ಅಂತಸ್ತಿನ ಮನೆಗಳಲ್ಲಿ ಮತ್ತೊಂದು ಸಿಕ್ಕು ಉಂಟು. ಕೆಳಗೆ ಫೈಬರ್ ಕೊಟ್ಟವರ ಪೆಟ್ಟಿಗೆ, ಉಪ್ಪರಿಗೆಯಲ್ಲಿ ಅಂಗಡಿಯಿಂದ ತಂದ ಎರಡನೇ ರೂಟರ್. ಎರಡನೆಯದು ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ: ಕೆಳಗಿನವರದ್ದು 192.168.1, ಮೇಲಿನವರದ್ದು 192.168.0. ಇಂಟರ್ನೆಟ್ ಎರಡರಲ್ಲೂ ಬರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ, ಮೇಲಿನ ಪ್ರಿಂಟರ್ ಮಾತ್ರ ಕೆಳಗಿನವರಿಗೆ ಸಿಗುವುದಿಲ್ಲ. ಎರಡನೇ ರೂಟರನ್ನು 'ಆಕ್ಸೆಸ್ ಪಾಯಿಂಟ್' ಮೋಡಿಗೆ ಹಾಕಿ, ಆಗ ಅದು ಕೆಳಗಿನ ನೆಟ್‌ವರ್ಕನ್ನೇ ಮೇಲೆ ಹರಡುತ್ತದೆ. ಆ ಮೋಡ್ ಇಲ್ಲದಿದ್ದರೆ ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ ಸಾಕೆಟಿನಿಂದ (ಇಂಟರ್ನೆಟ್ ಒಳಬರುವ ತೂತು) ತೆಗೆದು ಲ್ಯಾನ್ ಸಾಕೆಟಿಗೆ ಚುಚ್ಚಿ. ಈ 2 ಕೂಡ ರೂಟರ್ ಹಂಚುವ ವ್ಯಾಪ್ತಿಯ ಹೊರಗೇ ಇರಲಿ.

ವಿಂಡೋಸಿನಿಂದ ಶೇರ್ ಮಾಡುವುದಾದರೆ

ಯುಎಸ್‌ಬಿಯಲ್ಲಿ ಪ್ರಿಂಟರ್ ಜೋಡಿಸಿದ ಕಂಪ್ಯೂಟರನ್ನು ಇಲ್ಲಿ ಯಜಮಾನ ಎನ್ನೋಣ. ಯಜಮಾನ ಮಲಗಿದರೆ ಮನೆಯಿಡೀ ಪ್ರಿಂಟ್ ಇಲ್ಲ. ಆದ್ದರಿಂದ ಮೊದಲ ಕೆಲಸ ಪವರ್ ಸೆಟ್ಟಿಂಗಿನಲ್ಲಿ ಸ್ಲೀಪನ್ನು 'ನೆವರ್' ಮಾಡುವುದು. ಲ್ಯಾಪ್‌ಟಾಪಾದರೆ ಮುಚ್ಚಳ ಮುಚ್ಚಿದಾಗ 'ಡೂ ನಥಿಂಗ್'. ಯಜಮಾನನಿಗೂ ರೂಟರಿನಲ್ಲಿ ಖಾಯಂ ವಿಳಾಸ ಕೊಡಿ. ಕಂಪ್ಯೂಟರಿನ ಹೆಸರು 15 ಅಕ್ಷರದೊಳಗೆ ಇರಲಿ.

ವೈಫೈ ಹೆಸರಿನ ಪ್ರಾಪರ್ಟೀಸಿನಲ್ಲಿ ನೆಟ್‌ವರ್ಕಿನ ಬಗೆ 'ಪಬ್ಲಿಕ್' ಎಂದಿದ್ದರೆ 'ಪ್ರೈವೇಟ್' ಮಾಡಿ, ಎಲ್ಲ ಕಂಪ್ಯೂಟರುಗಳಲ್ಲೂ. ಪಬ್ಲಿಕ್ ಇದ್ದಾಗ ಫೈರ್‌ವಾಲ್ ಶೇರಿಂಗಿನ ಬಾಗಿಲನ್ನೇ ಮುಚ್ಚಿರುತ್ತದೆ. ಆಮೇಲೆ 'ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್'ನಲ್ಲಿ 'ನೆಟ್‌ವರ್ಕ್ ಡಿಸ್ಕವರಿ' ಮತ್ತು 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಎರಡನ್ನೂ ಆನ್ ಮಾಡಿ. ಪ್ರಿಂಟರ್ ಪ್ರಾಪರ್ಟೀಸಿನ 'ಶೇರಿಂಗ್' ಟ್ಯಾಬಿನಲ್ಲಿ 'ಶೇರ್ ದಿಸ್ ಪ್ರಿಂಟರ್' ಟಿಕ್ ಹಾಕಿ, ಶೇರ್ ಹೆಸರನ್ನು ಇಂಗ್ಲಿಷಿನಲ್ಲಿ, ಸ್ಪೇಸ್ ಇಲ್ಲದೆ, ಚಿಕ್ಕದಾಗಿ ಇಡಿ. 'ಲೇಸರ್' ಎಂದರೆ ಸಾಕು. ಹಳೆಯ ವಿಡಿಯೋಗಳಲ್ಲಿ ಹೋಮ್‌ಗ್ರೂಪ್ ಮಾಡಿ ಎನ್ನುತ್ತಾರೆ, ಅದನ್ನು ವಿಂಡೋಸ್ 10ರಿಂದ 2018ರಲ್ಲೇ ತೆಗೆದುಹಾಕಿದ್ದಾರೆ. ಹುಡುಕಿ ಸಮಯ ಹಾಳು ಮಾಡಬೇಡಿ.

ಇನ್ನೊಂದು ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರಿನ ವಿಳಾಸದ ಜಾಗದಲ್ಲಿ ಎರಡು ಹಿಂಬಾಗಿದ ಗೆರೆ (\\), ಯಜಮಾನನ ಹೆಸರು, ಮತ್ತೆ ಒಂದು ಗೆರೆ, ಶೇರ್ ಹೆಸರು ಟೈಪ್ ಮಾಡಿದರೆ ಯೂಸರ್ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ. ನಾಲ್ಕಂಕಿಯ ಪಿನ್ ಆ ಯಂತ್ರದ ಎದುರು ಕೂತು ಒಳಗೆ ಹೋಗಲಿಕ್ಕೆ ಮಾತ್ರ, ನೆಟ್‌ವರ್ಕಿನಿಂದ ಅದು ನಡೆಯುವುದಿಲ್ಲ. ಅದಕ್ಕೆ ಯಜಮಾನನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ, ಪಾಸ್‌ವರ್ಡ್ ಇರುವ ಒಂದು ಲೋಕಲ್ ಯೂಸರನ್ನು ಪ್ರಿಂಟಿಗೆಂದೇ ಮಾಡಿ, ಅದರ ವಿವರವನ್ನು ಉಳಿದ ಕಂಪ್ಯೂಟರುಗಳ 'ಕ್ರೆಡೆನ್ಶಿಯಲ್ ಮ್ಯಾನೇಜರ್'ನಲ್ಲಿ ಸೇರಿಸಿಬಿಡಿ. 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಆಫ್ ಮಾಡಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಮನೆಗೆ ಬಂದವರಿಗೆಲ್ಲ ವೈಫೈ ಪಾಸ್‌ವರ್ಡ್ ಕೊಡುವ ಊರು ನಮ್ಮದು.

ಕೊನೆಯಲ್ಲಿ 11ಬಿ ಎಂದಿರುವ ಎರರ್ ಬಂದರೆ ಅದರ ಮೂಲ 2021ರದ್ದು. ಆ ವರ್ಷ ವಿಂಡೋಸಿನ ಪ್ರಿಂಟ್ ವ್ಯವಸ್ಥೆಯಲ್ಲಿ ಕೆಲವು ಭದ್ರತಾ ದೋಷಗಳು ಬಯಲಾದವು, ಅವನ್ನು ಮುಚ್ಚುವ ಅಪ್‌ಡೇಟುಗಳಲ್ಲಿ ವಿಂಡೋಸ್ ಪ್ರಿಂಟರ್ ಶೇರಿಂಗಿನ ನಿಯಮಗಳನ್ನು ಬಿಗಿಮಾಡಿತು. ಒಂದು ಕಂಪ್ಯೂಟರ್ ಅಪ್‌ಡೇಟ್ ಆಗಿ ಇನ್ನೊಂದು ಆಗದೆ ಉಳಿದರೆ ಈ ಎರರ್ ಬರುತ್ತದೆ. ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳ ಸೆಟ್ಟಿಂಗುಗಳ ಕಡತ) ಒಂದು ಸೆಟ್ಟಿಂಗನ್ನು ಸೊನ್ನೆ ಮಾಡಿ ಅದನ್ನು ಅಡಗಿಸಬಹುದು, ಆದರೆ ಹಾಗೆ ಮಾಡಿದರೆ ಮುಚ್ಚಿದ ತೂತನ್ನು ಮತ್ತೆ ತೆರೆದ ಹಾಗೆ. ಮೊದಲು ಎರಡೂ ಕಂಪ್ಯೂಟರನ್ನು ಪೂರ್ತಿ ಅಪ್‌ಡೇಟ್ ಮಾಡಿ. ಆಗಲೂ ಬಿಡದಿದ್ದರೆ ಸುತ್ತು ದಾರಿ ಉಂಟು: ಎರಡನೇ ಕಂಪ್ಯೂಟರಿನಲ್ಲಿ ಪ್ರಿಂಟರಿನ ಡ್ರೈವರ್ (ಕಂಪ್ಯೂಟರಿಗೆ ಪ್ರಿಂಟರಿನ ಭಾಷೆ ಕಲಿಸುವ ತಂತ್ರಾಂಶ) ಮೊದಲೇ ಹಾಕಿ, 'ಆಡ್ ಮ್ಯಾನುವಲಿ' ಒತ್ತಿ, ಲೋಕಲ್ ಪ್ರಿಂಟರ್ ಎಂದು ಆರಿಸಿ, ಹೊಸ ಪೋರ್ಟಿನ ಬಗೆ 'ಲೋಕಲ್ ಪೋರ್ಟ್' ಕೊಟ್ಟು, ಪೋರ್ಟಿನ ಹೆಸರಾಗಿ ಆ ಶೇರ್ ವಿಳಾಸವನ್ನೇ ಬರೆಯಿರಿ. ಪ್ರಿಂಟ್ ಯಜಮಾನನಿಗೆ ಬೇರೆ ದಾರಿಯಿಂದ ಹೋಗುವುದರಿಂದ ಆ ತಕರಾರಿನ ಹಂತವೇ ಬರುವುದಿಲ್ಲ.

ಒಂದು ವಿಷಯ ನೆನಪಿರಲಿ, ಈ ರೀತಿ ಶೇರ್ ಆಗುವುದು ಪ್ರಿಂಟರ್ ಮಾತ್ರ. ಆಲ್ ಇನ್ ಒನ್ ಯಂತ್ರದ ಸ್ಕ್ಯಾನರ್ ಯಜಮಾನನ ಬಳಿಯೇ ಉಳಿಯುತ್ತದೆ. ಅಲ್ಲಿ ಸ್ಕ್ಯಾನ್ ಮಾಡಿ ಶೇರ್ ಮಾಡಿದ ಒಂದು ಫೋಲ್ಡರಿಗೆ ಹಾಕುವುದೇ ಸುಲಭ.

ಸಣ್ಣ ಲಿನಕ್ಸ್ ಯಂತ್ರ

ಯುಎಸ್‌ಬಿ ಪ್ರಿಂಟರಿಗೆ ನನ್ನ ಮಟ್ಟಿಗೆ ಒಳ್ಳೆಯ ಮನೆ ಇದು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ 3 ಅಥವಾ 4ನೇ ಮಾಡೆಲ್ ಸಾಕು, ಕೆಲವೇ ವ್ಯಾಟ್ ಕರೆಂಟ್ ತಿನ್ನುತ್ತದೆ, ದಿನವಿಡೀ ಆನ್ ಇಡಬಹುದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ಮುಗಿದ ಮೇಲೆ ಮೂಲೆ ಸೇರಿದ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದರೂ ಆಗುತ್ತದೆ. ಪೈ ತರುವ ಮೊದಲು ಪ್ರಿಂಟರಿನ ಮಾಡೆಲ್ ನೋಡಿಕೊಳ್ಳಿ. ಎಪ್ಸನಿನ ಹೆಚ್ಚಿನ ಇಂಕ್ ಟ್ಯಾಂಕುಗಳಿಗೆ ಪೈಯಲ್ಲಿ ಓಡುವ ಮುಕ್ತ ಡ್ರೈವರ್ ಉಂಟು. ಕ್ಯಾನನ್ ಎಲ್‌ಬಿಪಿ 2900ಕ್ಕೆ ಕಂಪೆನಿ ಕೊಟ್ಟ ಲಿನಕ್ಸ್ ಡ್ರೈವರ್ ಇಂಟೆಲ್ ಬಗೆಯ ಪ್ರೊಸೆಸರಿಗೆ ಮಾತ್ರ, ಹಾಗಾಗಿ ಅದಕ್ಕೆ ಹಳೆಯ ಲ್ಯಾಪ್‌ಟಾಪೇ ಒಳ್ಳೆಯದು. ಎಚ್‌ಪಿ 1020 ಇನ್ನೊಂದು ಬಗೆ. ಅದು ತನ್ನ ಫರ್ಮ್‌ವೇರನ್ನು (ಪ್ರಿಂಟರನ್ನು ಓಡಿಸುವ ಒಳಗಿನ ತಂತ್ರಾಂಶ) ಒಳಗೆ ಉಳಿಸಿಕೊಳ್ಳುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಅದನ್ನು ತುಂಬಿಸಬೇಕು. ಅಗ್ಗದ ಪ್ರಿಂಟ್ ಸರ್ವರ್ ಪೆಟ್ಟಿಗೆಗಳು, ರೂಟರಿನ ಯುಎಸ್‌ಬಿ ತೂತು ಇವುಗಳಿಂದ 1020 ಓಡದಿರುವುದು ಇದೇ ಕಾರಣಕ್ಕೆ. ಲಿನಕ್ಸಿನಲ್ಲಿ ಎಚ್‌ಪಿಲಿಪ್ ಎಂಬ ಎಚ್‌ಪಿಯ ತಂತ್ರಾಂಶ ಮತ್ತು ಅದರ ಪ್ಲಗಿನ್ ಹಾಕಿದರೆ ಆ ತುಂಬಿಸುವ ಕೆಲಸ ತಾನಾಗಿ ಆಗುತ್ತದೆ.

ಕೆಲಸ ನಡೆಸುವುದು ಕಪ್ಸ್ ಎಂಬ ತಂತ್ರಾಂಶ. ಅದನ್ನೂ, ಪ್ರಿಂಟರ್ ಇದೆ ಎಂದು ನೆಟ್‌ವರ್ಕಿನಲ್ಲಿ ಸಾರುವ ಅವಾಹಿ ಎಂಬ ತಂತ್ರಾಂಶವನ್ನೂ ಇನ್‌ಸ್ಟಾಲ್ ಮಾಡಿ, ನಿಮ್ಮ ಯೂಸರನ್ನು 'ಎಲ್‌ಪಿ ಅಡ್ಮಿನ್' ಗುಂಪಿಗೆ ಸೇರಿಸಿ. ಬೇರೆ ಕಂಪ್ಯೂಟರಿನ ಬ್ರೌಸರಿನಿಂದ ಅದರ ಪುಟ ತೆರೆಯಬೇಕಾದರೆ ಕಪ್ಸ್‌ಗೆ ಹೊರಗಿನಿಂದ ಪ್ರವೇಶ ಕೊಡುವ ಆಯ್ಕೆಯನ್ನು ಆ ಯಂತ್ರದಲ್ಲೇ ಒಮ್ಮೆ ಆನ್ ಮಾಡಬೇಕು. ಮತ್ತೆ ಪೈಯ ವಿಳಾಸ, ಕೋಲನ್, 631 ಎಂದು ಹಾಕಿದರೆ ಪುಟ ಬರುತ್ತದೆ. 'ಅಡ್ಮಿನಿಸ್ಟ್ರೇಶನ್' ಒಳಗೆ 'ಶೇರ್ ಪ್ರಿಂಟರ್ಸ್ ಕನೆಕ್ಟೆಡ್ ಟು ದಿಸ್ ಸಿಸ್ಟಮ್' ಟಿಕ್ ಮಾಡಿ, 'ಆಡ್ ಪ್ರಿಂಟರ್' ಒತ್ತಿ, ಸೇರಿಸುವಾಗ ಬರುವ 'ಶೇರ್ ದಿಸ್ ಪ್ರಿಂಟರ್' ಟಿಕ್ಕನ್ನೂ ಹಾಕಿ. ಟಿಕ್ ಎರಡು ಕಡೆ ಬೇಕು. ಒಂದನ್ನು ಮರೆತರೆ ಪೈಯಿಂದ ಪ್ರಿಂಟ್ ಆಗುತ್ತದೆ, ಬೇರೆಯವರಿಗೆ ಕಾಣುವುದಿಲ್ಲ.

ಇದರ ದೊಡ್ಡ ಲಾಭ ಮೊಬೈಲಿನವರಿಗೆ. ಐಫೋನ್ 2010ರಿಂದ ಬಳಸುವ ಏರ್‌ಪ್ರಿಂಟ್, ಆಂಡ್ರಾಯ್ಡಿನ ಡೀಫಾಲ್ಟ್ ಪ್ರಿಂಟ್ ಸರ್ವಿಸ್ ಎರಡೂ ಕಪ್ಸ್ ಹಂಚಿದ ಪ್ರಿಂಟರನ್ನು ಯಾವ ಆ್ಯಪ್ ಇಲ್ಲದೆ ಕಾಣುತ್ತವೆ. ಹದಿನೈದು ವರ್ಷ ಹಳೆಯ ಲೇಸರಿಗೆ ಮೊಬೈಲಿನಿಂದ ಪ್ರಿಂಟ್ ಕೊಡುವುದು ಹೀಗೆ.

ಕನ್ನಡದ ಕಡತಗಳಿಗೆ ಒಂದು ಮಾತು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಬರೆದ ಆಮಂತ್ರಣವನ್ನೋ ಸಂಘದ ವರದಿಯನ್ನೋ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ಪ್ರಿಂಟ್ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಅದು ಪ್ರಿಂಟರಿನ ತಪ್ಪಲ್ಲ, ಪ್ರಿಂಟರ್ ಬದಲಿಸಿ ಪ್ರಯೋಜನವೂ ಇಲ್ಲ. ಬರೆದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಕಳಿಸಿ. ಫಾಂಟ್ ಒಳಗೇ ಸೇರಿರುವುದರಿಂದ ಎಲ್ಲಿಂದ ಕೊಟ್ಟರೂ ಅಕ್ಷರ ಸರಿ ಬರುತ್ತದೆ.

ಸಿಕ್ಕಿಬಿದ್ದ ಪ್ರಿಂಟ್, ಕರೆಂಟ್, ಮಳೆ

ಪ್ರಿಂಟ್ ಬಾರದಿದ್ದಾಗ ಮತ್ತೆ ಮತ್ತೆ ಒತ್ತಬೇಡಿ. ಪ್ರತಿ ಒತ್ತಿಗೂ ಒಂದೊಂದು ಕೆಲಸ ಸರದಿಯಲ್ಲಿ ಕೂರುತ್ತದೆ, ಪ್ರಿಂಟರ್ ಎದ್ದಾಗ ಒಂದೇ ಹಾಳೆ ಆರು ಸಲ ಬರುತ್ತದೆ. ಸರದಿಯ ತಲೆಯಲ್ಲಿ ಒಂದು ಕೆಟ್ಟ ಕೆಲಸ ಸಿಕ್ಕಿಕೊಂಡು ಡಿಲೀಟೂ ಆಗದಿದ್ದರೆ, ವಿಂಡೋಸಿನ 'ಸರ್ವಿಸಸ್'ನಲ್ಲಿ ಆ ಸರದಿ ನೋಡಿಕೊಳ್ಳುವ 'ಪ್ರಿಂಟ್ ಸ್ಪೂಲರ್' ನಿಲ್ಲಿಸಿ, ವಿಂಡೋಸ್ ಫೋಲ್ಡರಿನ ಸಿಸ್ಟಮ್ 32 ಒಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರಿನಲ್ಲಿರುವ ಫೈಲುಗಳನ್ನು ಅಳಿಸಿ, ಸ್ಪೂಲರ್ ಮತ್ತೆ ಸುರು ಮಾಡಿ. ಅಳಿಸಬೇಕಾದ್ದು ಫೈಲುಗಳನ್ನು, ಫೋಲ್ಡರನ್ನಲ್ಲ.

ರೂಟರ್ ಮತ್ತು ಪೈ ಇನ್ವರ್ಟರಿನ ಮೇಲೆ ಇರಲಿ. ಹಠಾತ್ತಾಗಿ ಕರೆಂಟ್ ಹೋದರೆ ಪೈಯ ಮೆಮರಿ ಕಾರ್ಡ್ ಕೆಡುವ ಸಂಭವ ಉಂಟು. ಇಂಕ್ ಟ್ಯಾಂಕ್ ಪ್ರಿಂಟರಿಗೂ ಇನ್ವರ್ಟರ್ ಆದೀತು. ಲೇಸರ್ ಮಾತ್ರ ಬೇಡ. ಟೋನರನ್ನು ಕಾಗದಕ್ಕೆ ಅಂಟಿಸುವ ಫ್ಯೂಸರ್ ಬಿಸಿಯಾಗುವಾಗ ಕ್ಷಣಕಾಲ ನೂರಾರು ವ್ಯಾಟ್ ಎಳೆಯುತ್ತದೆ, ಸಣ್ಣ ಇನ್ವರ್ಟರ್ ಓವರ್‌ಲೋಡ್ ಎಂದು ಕಿರುಚಿ ನಿಂತರೆ ರೂಟರೂ ಒಟ್ಟಿಗೆ ಆರುತ್ತದೆ. ಇಂಕ್ ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಿಂದ ಆರಿಸಬೇಡಿ. ಅದರದ್ದೇ ಬಟನ್ ಒತ್ತಿದರೆ ಹೆಡ್ ತನ್ನ ಮುಚ್ಚಳದೊಳಗೆ ಹೋಗಿ ಕೂರುತ್ತದೆ, ಇಲ್ಲವಾದರೆ ತೆರೆದೇ ಉಳಿದು ಶಾಯಿ ಒಣಗುತ್ತದೆ. ವಾರಕ್ಕೊಂದು ಬಣ್ಣದ ಹಾಳೆ ತೆಗೆಯುವುದು ಒಳ್ಳೆಯದು. ಸೆಟ್ಟಿಂಗಿನಲ್ಲಿ 'ಪವರ್ ಆಫ್ ಟೈಮರ್' ಇದ್ದರೆ ಆಫ್ ಮಾಡಿಡಿ, ತಾನಾಗಿ ಆರಿಹೋದ ಪ್ರಿಂಟರನ್ನು ಉಪ್ಪರಿಗೆಯಿಂದ ಎಬ್ಬಿಸಲು ಆಗುವುದಿಲ್ಲ.

ಎಪ್ರಿಲ್, ಮೇ ತಿಂಗಳ ಸಿಡಿಲಿಗೂ ಅಕ್ಟೋಬರಿನದ್ದಕ್ಕೂ ಹೊರಗೋಡೆಯ ಮೇಲೆ ಎಳೆದ ಲ್ಯಾನ್ ಕೇಬಲ್ ದಾರಿಯಾಗಬಲ್ಲದು. ಫೈಬರ್ ಬಂದ ಮೇಲೆ ಹೊರಗಿನ ಲೈನಿನ ಭಯ ಕಡಿಮೆ, ಆದರೆ ಮನೆಯೊಳಗಿನ ತಾಮ್ರದ ಕೇಬಲೂ ಕರೆಂಟಿನ ಲೈನೂ ಹಾಗೆಯೇ ಇವೆ. ಗುಡುಗು ಸುರುವಾಗುವ ಲಕ್ಷಣ ಕಂಡಾಗ ಪ್ರಿಂಟರಿನ ಪ್ಲಗ್ಗನ್ನೂ ಲ್ಯಾನ್ ಕೇಬಲನ್ನೂ ಎರಡನ್ನೂ ಕೀಳಿ. ಜೂನ್ ಬಂದ ಮೇಲೆ ಕಾಗದದ ಸರದಿ. ತೇವ ಕುಡಿದ ಹಾಳೆ ಲೇಸರಿನಲ್ಲಿ ಸುರುಳಿ ಸುತ್ತುತ್ತದೆ, ಎರಡೆರಡು ಒಟ್ಟಿಗೆ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಮತ್ತು ಹಾಳೆ ಸಿಕ್ಕಿದ ಪ್ರಿಂಟರ್ ಬೇರೆ ಕಂಪ್ಯೂಟರುಗಳಿಗೆ ಬರೀ ಎರರ್ ಎಂದು ಕಾಣುವುದರಿಂದ ಎಲ್ಲರೂ ನೆಟ್‌ವರ್ಕನ್ನು ದೂರುತ್ತಾರೆ. ಟ್ರೇಯಲ್ಲಿ ಇಪ್ಪತ್ತು ಮೂವತ್ತು ಹಾಳೆ ಮಾತ್ರ ಇಡಿ. 500 ಹಾಳೆಯ ಕಟ್ಟಿನಲ್ಲಿ ಉಳಿದದ್ದನ್ನು ಅದರ ಕವರಿನಲ್ಲೇ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಪಾಟಿನ ಒಳಗೆ ಇಡಿ.

ರೂಟರ್ ಬದಲಾದ ದಿನ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ, ಖಾಯಂ ವಿಳಾಸ ಇದ್ದದ್ದು ಹಳೆಯ ಪೆಟ್ಟಿಗೆಯಲ್ಲಿ. ಹೊಸದಕ್ಕೆ ಹಳೆಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರ ತಪ್ಪದೆ ಹಾಕಿ, ಆಗ ಪ್ರಿಂಟರ್ ತಾನೇ ಸೇರಿಕೊಳ್ಳುತ್ತದೆ. ಹೊಸ ರೂಟರಿನ ಲ್ಯಾನ್ ವಿಳಾಸ 192.168.0 ಎಂದು ಸುರುವಾಗಿದ್ದರೆ ಅದನ್ನು 192.168.1.1 ಮಾಡಿ, 50ನ್ನು ಮತ್ತೆ ಪ್ರಿಂಟರಿನ ಮ್ಯಾಕ್‌ಗೆ ಕಟ್ಟಿ. ಯಾವ ಕಂಪ್ಯೂಟರನ್ನೂ ಮುಟ್ಟಬೇಕಾಗಿಲ್ಲ. ಮ್ಯಾಕ್, ಐಪಿ, ಶೇರ್ ಹೆಸರು ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಪ್ರಿಂಟರಿನ ಮುಚ್ಚಳದ ಒಳಬದಿಗೆ ಟೇಪಿನಿಂದ ಅಂಟಿಸಿಡಿ. ಶಾಯಿ ಪೆನ್ನಿನಲ್ಲಿ ಬೇಡ, ನಮ್ಮ ತೇವಕ್ಕೆ ಹರಡಿಹೋಗುತ್ತದೆ, ಪೆನ್ಸಿಲಿನಲ್ಲಿ ಬರೆಯಿರಿ.